ಗೋಧಿ ಬಿಟ್ಟರೂ ಹೊಟ್ಟೆ ಉಬ್ಬರ ಯಾಕೆ?

ನಮಸ್ಕಾರ, ಕಲಬುರಗಿಯಿಂದ. ಸೀಲಿಯಾಕ್ ಕಾಯಿಲೆ ಇದೆ ಅಂತ ಗೊತ್ತಾದ ಮೇಲೆ ನಮ್ಮ ಕಡೆಯವರು ಹೇಳುವ ಮಾತು ಒಂದೇ: "ಚಪಾತಿ, ಹುಗ್ಗಿ ಎಲ್ಲ ಬಿಟ್ಟೀನಿ, ಬರೀ ಜೋಳದ ರೊಟ್ಟಿ. ಆದ್ರೂ ಹೊಟ್ಟೆ ಉಬ್ಬರ ಹೋಗವಲ್ದು."

ಸೀಲಿಯಾಕ್ ಇದ್ದವರಿಗೆ ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಅನ್ನೋ ಪ್ರೋಟೀನ್ ಆಗಿಬರುವುದಿಲ್ಲ. ಅದು ಒಳಗೆ ಹೋದರೆ ದೇಹದ ರೋಗನಿರೋಧಕ ಶಕ್ತಿ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಆಹಾರದ ಸಾರ ಹೀರಲು ಕರುಳಿನ ಒಳಮೈಯಲ್ಲಿ ಟವೆಲ್ಲಿನಂತೆ ಸಣ್ಣ ಎಳೆಗಳಿರುತ್ತವೆ. ಅವು ಸವೆದು ಚಪ್ಪಟೆಯಾಗುತ್ತವೆ.

ಇನ್ನು ಬ್ಯಾಕ್ಟೀರಿಯಾ. ಅವುಗಳ ಜಾಗ ದೊಡ್ಡ ಕರುಳು. ಸಣ್ಣ ಕರುಳಿನಲ್ಲಿ ತೀರಾ ಕಡಿಮೆ ಇರಬೇಕು. ಆದರೆ ಸೀಲಿಯಾಕ್ ಇರುವ ಕೆಲವರ ಕರುಳು ನಿಧಾನವಾಗಿ ಚಲಿಸುತ್ತದೆ, ಅರಗದ ಆಹಾರ ಅಲ್ಲೇ ನಿಲ್ಲುತ್ತದೆ. ಬ್ಯಾಕ್ಟೀರಿಯಾಕ್ಕೆ ಅದೇ ಊಟ. ಅವು ಹೆಚ್ಚಿದಂತೆ ಗ್ಯಾಸ್, ಉಬ್ಬರ, ಭೇದಿ. ಡಾಕ್ಟರುಗಳು ಇದನ್ನು ಸೀಬೋ ಅನ್ನುತ್ತಾರೆ. ಲಕ್ಷಣ ನೋಡಿ ಸೀಲಿಯಾಕ್ ಯಾವುದು, ಸೀಬೋ ಯಾವುದು ಹೇಳುವುದು ಕಷ್ಟ.

2003ರಲ್ಲಿ ಇಟಲಿಯ ಒಂದು ಅಧ್ಯಯನದಲ್ಲಿ, ಗ್ಲುಟೆನ್ ಬಿಟ್ಟರೂ ತೊಂದರೆ ಹೋಗದ 15 ಜನರಲ್ಲಿ 10 ಮಂದಿಗೆ ಸೀಬೋ ಕಂಡಿತ್ತು. ಹಾಗಂತ ಆಂಟಿಬಯೋಟಿಕ್ ನುಂಗಲು ಓಡಬೇಡಿ. 2011ರಲ್ಲಿ ಇಂಥವರಿಗೇ ರಿಫಾಕ್ಸಿಮಿನ್ ಅನ್ನೋ ಆಂಟಿಬಯೋಟಿಕ್ ಕೊಟ್ಟು ನೋಡಿದಾಗ ಲಕ್ಷಣಗಳು ಸುಧಾರಿಸಲಿಲ್ಲ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಗಿರಣಿ.

(ದೃಶ್ಯ: ಹಿಟ್ಟಿನ ಗಿರಣಿ, ಸರದಿಯಲ್ಲಿಟ್ಟ ಡಬ್ಬಿಗಳು)

ನಿಮಗಿಂತ ಮುಂಚೆ ಬಂದವರ ಗೋಧಿ ಬೀಸಿ ಮುಗಿದ ಕೂಡಲೇ ಅದೇ ಕಲ್ಲಿಗೆ ನಿಮ್ಮ ಜೋಳ ಸುರಿಯುತ್ತಾರೆ, ಅಲ್ವಾ? ಕಲ್ಲಿನ ಸಂದಿಯಲ್ಲಿ, ಹಿಟ್ಟು ಇಳಿಯುವ ಬಟ್ಟೆಯ ಚೀಲದಲ್ಲಿ ಗೋಧಿ ಹಿಟ್ಟು ಅಂಟಿಕೊಂಡೇ ಇರುತ್ತದೆ. ಜೋಳದಲ್ಲಿ ಗ್ಲುಟೆನ್ ಇಲ್ಲ, ನಿಜ. ನಿಮ್ಮ ರೊಟ್ಟಿಯಲ್ಲಿ ಇರಬಹುದು! ಆದರೆ ಮನೆಯಲ್ಲೇ ಪುಟ್ಟ ಗಿರಣಿ ಇಟ್ಟು, ಅದರಲ್ಲಿ ಗೋಧಿ ಬೀಸದಿದ್ದರೆ ಈ ಚಿಂತೆ ಇಲ್ಲ.

ಆಮೇಲೆ ಇಂಗಿನ ಡಬ್ಬಿ ತಿರುಗಿಸಿ ಓದಿ. ಅಂಗಡಿಯ ಇಂಗಿನಲ್ಲಿ ಎಷ್ಟೋ ಸಲ ಗೋಧಿ ಹಿಟ್ಟು ಬೆರೆತಿರುತ್ತದೆ. ನಾವು ಸುಮ್ನೆ ತೊಗರಿ ಬೇಳೆಯನ್ನು ಬೈಯುತ್ತೇವೆ, ಗೋಧಿ ಇರುವುದು ಒಗ್ಗರಣೆಯಲ್ಲಿ.

ಇಷ್ಟೆಲ್ಲ ಸರಿಮಾಡಿದ ಮೇಲೂ ತೊಂದರೆ ಇದ್ದರೆ ಹೊಟ್ಟೆಯ ತಜ್ಞರ ಹತ್ತಿರ ಸೀಬೋ ಬಗ್ಗೆ ಕೇಳಿ. ಗ್ಲೂಕೋಸ್ ಕುಡಿಸಿ, ಉಸಿರಿನಲ್ಲಿ ಹೈಡ್ರೋಜನ್, ಮೀಥೇನ್ ಎಷ್ಟಿದೆ ಅಂತ ಅಳೆಯುವ ಪರೀಕ್ಷೆ ಇದೆ. ಹಾಲು ಜೀರ್ಣವಾಗದೆಯೂ ಇದೇ ತರಹ ಆಗಬಹುದು, ಅದನ್ನೂ ಹೇಳಿ.

ಸೀಲಿಯಾಕ್ ಇರಬಹುದು ಅನ್ನೋ ಅನುಮಾನ ಮಾತ್ರ ಇರುವವರು, ದಯವಿಟ್ಟು ಪರೀಕ್ಷೆಗೆ ಮುಂಚೆ ಗೋಧಿ ಬಿಡಬೇಡಿ. ಬಿಟ್ಟರೆ ಪರೀಕ್ಷೆಯಲ್ಲಿ ಹುಡುಕುವ ಆ್ಯಂಟಿಬಾಡಿ (ರೋಗನಿರೋಧಕ ಶಕ್ತಿ ಹುಟ್ಟಿಸುವ ಪ್ರೋಟೀನ್) ರಕ್ತದಲ್ಲಿ ಇಳಿದು, ಕಾಯಿಲೆ ಇದ್ದರೂ ರಿಪೋರ್ಟ್ ನಾರ್ಮಲ್ ಬರಬಹುದು.