ಎಷ್ಟು ಹತ್ತಿರ ಬಂದರೆ ಸಂಪರ್ಕ? ಪ್ರೋಟೀನ್ ರಚನೆಯಲ್ಲಿ ಅಮೈನೊ ಆಮ್ಲಗಳ ನಂಟನ್ನು ಎಣಿಸುವ ಬಗೆ

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಈ ಸಭೆಯಲ್ಲಿ ಬಯೋಟೆಕ್ನಾಲಜಿ, ಜೀವರಸಾಯನಶಾಸ್ತ್ರ ಓದುವವರೇ ಹೆಚ್ಚಾಗಿದ್ದೀರಿ. ಹಾಗಾಗಿ ಪ್ರೋಟೀನ್ ಎಂದರೇನು ಎಂಬಲ್ಲಿಂದ ಶುರು ಮಾಡುವುದಿಲ್ಲ. ಒಂದು ರಚನೆಯ ಕಡತ, ಅಂದರೆ ಪ್ರತಿ ಪರಮಾಣುವಿನ ಸ್ಥಾನ ಬರೆದಿಟ್ಟ ಫೈಲ್, ಕೈಗೆ ಬಂದಾಗ ಅದರೊಳಗೆ ಯಾವ ರೆಸಿಡ್ಯೂ (ಸರಪಳಿಗೆ ಸೇರಿದ ಅಮೈನೊ ಆಮ್ಲ) ಯಾವುದಕ್ಕೆ ತಾಗಿದೆ ಎಂದು ನಂಬಬಹುದಾದ ರೀತಿಯಲ್ಲಿ ಹೇಗೆ ಎಣಿಸಬೇಕು ಅನ್ನುವುದೇ ಇಂದಿನ ಮಾತು.

ಉದಾಹರಣೆಗೆ ಕೋಳಿಮೊಟ್ಟೆಯ ಬಿಳಿಭಾಗದ ಲೈಸೋಜೈಮ್ ತೆಗೆದುಕೊಳ್ಳೋಣ. 1965ರಲ್ಲಿ ಡೇವಿಡ್ ಫಿಲಿಪ್ಸ್ ಅವರ ತಂಡ ಇದರ ರಚನೆಯನ್ನು ಬಿಡಿಸಿತು. ಕಿಣ್ವಗಳಲ್ಲಿ ರಚನೆ ತಿಳಿದ ಮೊದಲನೆಯದು ಇದೇ. ಒಂದೇ ಸರಪಳಿ, 129 ರೆಸಿಡ್ಯೂ. ಸರಪಳಿಯ ಲೆಕ್ಕದಲ್ಲಿ 6ನೇ ಸ್ಥಾನದ ಸಿಸ್ಟೀನ್ ಒಂದು ತುದಿಯಲ್ಲಿದೆ, 127ನೇ ಸ್ಥಾನದ್ದು ಇನ್ನೊಂದು ತುದಿಯಲ್ಲಿ. ಆದರೆ ರಚನೆಯಲ್ಲಿ ಇವೆರಡರ ಗಂಧಕದ ಪರಮಾಣುಗಳ ನಡುವಿನ ದೂರ ಸುಮಾರು 2.05 ಆಂಗ್‌ಸ್ಟ್ರಮ್ (ಒಂದು ಆಂಗ್‌ಸ್ಟ್ರಮ್ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಭಾಗ), ಅಂದರೆ ಡೈಸಲ್ಫೈಡ್ ಬಂಧ. ಇಳಕಲ್ ಸೀರೆಯನ್ನು ಮಡಿಚಿಟ್ಟಾಗ ಸೆರಗು ಒಳತುದಿಯ ಮೇಲೆ ಬಂದು ಕೂರುವ ಹಾಗೆ, ಉದ್ದದಲ್ಲಿ ದೂರವಿದ್ದದ್ದು ಮಡಿಕೆಯಲ್ಲಿ ಪಕ್ಕಕ್ಕೆ ಬಂದಿದೆ. ಸಂಪರ್ಕ ವಿಶ್ಲೇಷಣೆ ಹುಡುಕುವುದು ಇಂಥ ಜೋಡಿಗಳನ್ನು.

129 ರೆಸಿಡ್ಯೂಗಳಿಂದ 8256 ಜೋಡಿಗಳು ಆಗುತ್ತವೆ. ಇವುಗಳಲ್ಲಿ ಯಾವುದನ್ನು ಸಂಪರ್ಕ ಎನ್ನಬೇಕು? ಇಲ್ಲೇ ಎಲ್ಲ ಗೊಂದಲ ಹುಟ್ಟುವುದು. ಬಳಕೆಯಲ್ಲಿ ಮುಖ್ಯವಾಗಿ ಮೂರು ಅಳತೆಗಳಿವೆ: ಎರಡು ಆಲ್ಫಾ ಕಾರ್ಬನ್‌ಗಳ (ರೆಸಿಡ್ಯೂವಿನ ನಡುವಿನ ಕಾರ್ಬನ್) ನಡುವೆ 8 ಆಂಗ್‌ಸ್ಟ್ರಮ್‌ಗಿಂತ ಕಡಿಮೆ, ಎರಡು ಬೀಟಾ ಕಾರ್ಬನ್‌ಗಳ (ಸೈಡ್ ಚೈನ್, ಅಂದರೆ ಬದಿಯ ಕೊಂಬೆಯ ಮೊದಲ ಕಾರ್ಬನ್) ನಡುವೆ 8ಕ್ಕಿಂತ ಕಡಿಮೆ, ಇಲ್ಲವೇ ಹೈಡ್ರೋಜನ್ ಬಿಟ್ಟು ಯಾವುದಾದರೂ ಎರಡು ಪರಮಾಣುಗಳ ನಡುವೆ 4.5 ಅಥವಾ 5ಕ್ಕಿಂತ ಕಡಿಮೆ. ಒಂದೇ ಕಡತಕ್ಕೆ ಈ ಮೂರನ್ನೂ ಹಾಕಿ ನೋಡ್ರಿ, ಮೂರು ಬೇರೆ ಪಟ್ಟಿ ಸಿಗುತ್ತವೆ. ಆದ್ದರಿಂದ ಅಳತೆ ಹೇಳದೆ ‘ಈ ಪ್ರೋಟೀನಿನಲ್ಲಿ ಇಷ್ಟು ಸಂಪರ್ಕಗಳಿವೆ’ ಎಂದು ಬರೆದ ವಾಕ್ಯಕ್ಕೆ ಅರ್ಥವೇ ಇಲ್ಲ.

ಆಲ್ಫಾ ಕಾರ್ಬನ್ನಿನ ಅಳತೆ ಸುಲಭ, ಆದರೆ ಸೈಡ್ ಚೈನ್ ಯಾವ ಕಡೆ ಮುಖ ಮಾಡಿದೆ ಎಂಬುದು ಅದಕ್ಕೆ ತಿಳಿಯದು. ಬೆನ್ನಿಗೆ ಬೆನ್ನು ಹಾಕಿದ ಎರಡು ರೆಸಿಡ್ಯೂಗಳೂ 7 ಆಂಗ್‌ಸ್ಟ್ರಮ್ ದೂರದಲ್ಲಿದ್ದರೆ ಅದು ಸಂಪರ್ಕ ಎಂದೇ ಎಣಿಸುತ್ತದೆ. ಇದಕ್ಕೆ ವಿರುದ್ಧ ತಪ್ಪೂ ಆಗುತ್ತದೆ. ಆರ್ಜಿನೀನ್ ಚಾಚಿಕೊಂಡರೆ ಅದರ ತುದಿಯ ನೈಟ್ರೋಜನ್ ಆಲ್ಫಾ ಕಾರ್ಬನ್ನಿನಿಂದ ಸುಮಾರು 7 ಆಂಗ್‌ಸ್ಟ್ರಮ್ ಆಚೆಗಿರುತ್ತದೆ. ಆ ತುದಿ ಒಂದು ಆಸ್ಪಾರ್ಟೇಟನ್ನು ಗಟ್ಟಿಯಾಗಿ ಹಿಡಿದಿದ್ದರೂ ಎರಡು ಆಲ್ಫಾ ಕಾರ್ಬನ್‌ಗಳ ನಡುವೆ 8ಕ್ಕಿಂತ ಹೆಚ್ಚು ಅಂತರ ಇರಬಹುದು, ಆಗ ಜೋಡಿ ಪಟ್ಟಿಗೆ ಬರುವುದೇ ಇಲ್ಲ. ಬೀಟಾ ಕಾರ್ಬನ್ ಕನಿಷ್ಠ ದಿಕ್ಕನ್ನಾದರೂ ಹೇಳುತ್ತದೆ. ಗ್ಲೈಸೀನಿಗೆ ಬೀಟಾ ಕಾರ್ಬನ್ ಇಲ್ಲ. ಅಲ್ಲಿ ಆಲ್ಫಾ ಬಳಸುವುದು ರೂಢಿ. ಈ ಒಂದು ಸಾಲನ್ನು ಪ್ರೋಗ್ರಾಮಿನಲ್ಲಿ ಮರೆತರೆ ಗ್ಲೈಸೀನ್‌ಗಳೆಲ್ಲ ಸದ್ದಿಲ್ಲದೆ ಪಟ್ಟಿಯಿಂದ ಬಿದ್ದುಹೋಗುತ್ತವೆ.

4.5 ಎಂಬ ಅಂಕಿಯ ಹಿಂದೆ ಭೌತಿಕ ಕಾರಣವಿದೆ. ಕಾರ್ಬನ್ನಿನ ವಾನ್ ಡರ್ ವಾಲ್ಸ್ ತ್ರಿಜ್ಯ 1.7, ಎರಡು ಕಾರ್ಬನ್‌ಗಳು ತಾಗುವುದು ಸುಮಾರು 3.4ರಲ್ಲಿ. ನಡುವೆ ನೀರಿನ ಒಂದು ಅಣು ಕೂರಬೇಕಾದರೆ ಇನ್ನೂ 2.8 ಬೇಕು. 4.5ರೊಳಗೆ ಇದ್ದರೆ ನಡುವೆ ನೀರು ನುಸುಳಲು ಜಾಗವಿಲ್ಲ, ಅಂದರೆ ನಿಜವಾಗಿ ಒತ್ತಿಕೊಂಡು ಕೂತಿವೆ. ಕೆಳಮಿತಿಯನ್ನೂ ನೋಡಬೇಕು. ಜಿ. ಎನ್. ರಾಮಚಂದ್ರನ್ ಅವರು ಮದ್ರಾಸಿನಲ್ಲಿ ಸಹೋದ್ಯೋಗಿಗಳೊಡನೆ 1963ರಲ್ಲಿ ಪ್ರಕಟಿಸಿದ ನಕ್ಷೆ ನಿಂತಿರುವುದೇ ಪರಮಾಣುಗಳು ಎಷ್ಟು ಹತ್ತಿರ ಬರಬಹುದು ಎಂಬ ಲೆಕ್ಕದ ಮೇಲೆ: ಬಂಧವಿಲ್ಲದ ಎರಡು ಕಾರ್ಬನ್‌ಗಳಿಗೆ ಸಾಮಾನ್ಯ ಮಿತಿ 3.2, ತೀರಾ ಕೊನೆಯ ಮಿತಿ 3.0. ನಿಮ್ಮ ಪಟ್ಟಿಯಲ್ಲಿ 2.6 ಆಂಗ್‌ಸ್ಟ್ರಮ್‌ನ ಕಾರ್ಬನ್ ಜೋಡಿ ಕಂಡರೆ ಅದು ಬಲವಾದ ಸಂಪರ್ಕವಲ್ಲ, ರಚನೆಯಲ್ಲಿರುವ ದೋಷ.

ಸರಪಳಿಯಲ್ಲಿ ಅಕ್ಕಪಕ್ಕದವನ್ನು ಕಳೆಯದೆ ಎಣಿಸಬೇಡಿ. ನೆರೆಯ ಆಲ್ಫಾ ಕಾರ್ಬನ್‌ಗಳ ನಡುವೆ ಯಾವಾಗಲೂ 3.8 ಆಂಗ್‌ಸ್ಟ್ರಮ್, ಸಿಸ್ ಪೆಪ್ಟೈಡ್ ಆದರೆ ಮಾತ್ರ 2.9ರ ಆಸುಪಾಸು. ಆಲ್ಫಾ ಹೆಲಿಕ್ಸ್ ಎಂಬ ಸುರುಳಿಯಲ್ಲಿ ಒಂದು ಸುತ್ತಿಗೆ 3.6 ರೆಸಿಡ್ಯೂ, ಹಾಗಾಗಿ ನಾಲ್ಕನೆಯದು ಸುಮಾರು 6 ಆಂಗ್‌ಸ್ಟ್ರಮ್‌ನಲ್ಲಿ ತಾನಾಗಿಯೇ ಸಿಗುತ್ತದೆ. ಇವನ್ನೆಲ್ಲ ಸೇರಿಸಿದರೆ ಹೆಲಿಕ್ಸ್ ಹೆಚ್ಚಿರುವ ಪ್ರೋಟೀನಿಗೆ ಸಂಪರ್ಕ ಹೆಚ್ಚು ಎಂಬ ಪೊಳ್ಳು ಫಲಿತಾಂಶ ಬರುತ್ತದೆ. ರಚನೆಯನ್ನು ಊಹಿಸುವ ಕ್ಯಾಸ್ಪ್ ಸ್ಪರ್ಧೆಯಲ್ಲಿ ಸರಪಳಿಯ ಸಂಖ್ಯೆಗಳ ಲೆಕ್ಕದಲ್ಲಿ 6ರಿಂದ 11 ಅಂತರವನ್ನು ಸಮೀಪ, 12ರಿಂದ 23 ಮಧ್ಯಮ, 24 ಮತ್ತು ಮೇಲಿನದನ್ನು ದೂರ ಎಂದು ವಿಂಗಡಿಸಿದರು, ಇದನ್ನೇ ಬಳಸಿ. ಲೈಸೋಜೈಮಿನ ನಾಲ್ಕು ಡೈಸಲ್ಫೈಡ್‌ಗಳಲ್ಲಿ 6–127, 30–115 ದೂರದವು. 64–80, 76–94 ಮಧ್ಯಮದವು. ದೂರದ ಸಂಪರ್ಕಗಳೇ ಮಡಿಕೆಯ ಸ್ವರೂಪವನ್ನು ನಿರ್ಧರಿಸುವುದು. 1998ರಲ್ಲಿ ಪ್ಲಾಕ್ಸ್ಕೊ, ಸೈಮನ್ಸ್, ಬೇಕರ್ ತೋರಿಸಿದಂತೆ, ಚಿಕ್ಕ ಪ್ರೋಟೀನುಗಳಲ್ಲಿ ಸರಪಳಿಯ ಲೆಕ್ಕದಲ್ಲಿ ಸಂಪರ್ಕಗಳ ಸರಾಸರಿ ಅಂತರ ಹೆಚ್ಚಿದಷ್ಟೂ ಮಡಿಚಿಕೊಳ್ಳುವ ವೇಗ ಕಡಿಮೆ.

ಸಂಪರ್ಕದ ಬಗೆ ತಿಳಿಯಬೇಕಾದರೆ ದೂರ ಒಂದೇ ಸಾಲದು. ಹೈಡ್ರೋಜನ್ ಬಂಧಕ್ಕೆ ಕೊಡುವ ಮತ್ತು ಪಡೆಯುವ ಪರಮಾಣುಗಳ ನಡುವೆ 3.5ರೊಳಗೆ ಇರಬೇಕು, ಕೋನವೂ 120 ಡಿಗ್ರಿ ಮೀರಿರಬೇಕು. ಸಾಲ್ಟ್ ಬ್ರಿಡ್ಜಿಗೆ (ವಿರುದ್ಧ ವಿದ್ಯುದಂಶಗಳ ನಂಟು) ಆಸ್ಪಾರ್ಟೇಟ್ ಅಥವಾ ಗ್ಲುಟಮೇಟಿನ ಆಕ್ಸಿಜನ್ ಲೈಸೀನ್ ಅಥವಾ ಆರ್ಜಿನೀನಿನ ನೈಟ್ರೋಜನ್‌ಗೆ 4 ಆಂಗ್‌ಸ್ಟ್ರಮ್‌ನೊಳಗೆ. ಹಿಸ್ಟಿಡೀನ್ ತಲೆನೋವಿನದು: ಅದಕ್ಕೆ ವಿದ್ಯುದಂಶ ಇದೆಯೋ ಇಲ್ಲವೋ ಎಂಬುದು ಸುತ್ತಲಿನ ಪಿಎಚ್ ಮೇಲೆ ನಿಂತಿದೆ, ಅದನ್ನು ಕಣ್ಣುಮುಚ್ಚಿ ಸೇರಿಸುವುದೂ ಬಿಡುವುದೂ ತಪ್ಪೇ.

ಈಗ ಕಡತಕ್ಕೆ ಬರೋಣ. ವಿದ್ಯಾರ್ಥಿಗಳ ಕೆಲಸ ಕೆಡುವುದು ಲೆಕ್ಕದಲ್ಲಿ ಅಲ್ಲ, ಕಡತ ಓದುವುದರಲ್ಲಿ. ಹಳೆಯ ಪಿಡಿಬಿ (ಪ್ರೋಟೀನ್ ಡೇಟಾ ಬ್ಯಾಂಕ್) ಮಾದರಿಯ ಪ್ರತಿ ಸಾಲಿನಲ್ಲಿ ಜಾಗಗಳು ನಿಗದಿಯಾಗಿವೆ: 13–16ರಲ್ಲಿ ಪರಮಾಣುವಿನ ಹೆಸರು, 22ರಲ್ಲಿ ಸರಪಳಿ, 23–26ರಲ್ಲಿ ಸಂಖ್ಯೆ, 31–54ರಲ್ಲಿ ಮೂರು ನಿರ್ದೇಶಾಂಕಗಳು. ಖಾಲಿ ಜಾಗ ನೋಡಿ ಸಾಲನ್ನು ತುಂಡರಿಸುವ ಪ್ರೋಗ್ರಾಂ ಬರೆದರೆ, ಎರಡು ಅಂಕಿಗಳು ಅಂಟಿಕೊಂಡ ಸಾಲಿನಲ್ಲಿ ಎಲ್ಲವೂ ಒಂದು ಮನೆ ಸರಿದುಬಿಡುತ್ತದೆ. ಪೈಥಾನ್ ಭಾಷೆಯ ಬಯೋಪೈಥಾನ್‌ನಂಥ ಸಿದ್ಧ ಓದುಗವನ್ನು ಬಳಸುವುದೇ ಲೇಸು.

ಅದನ್ನು ಬಳಸಿದರೂ ಕಣ್ಣಿಡಬೇಕಾದವು ಇವೆ. ಒಂದೇ ಸೈಡ್ ಚೈನಿಗೆ ಎ, ಬಿ ಎಂಬ ಎರಡು ಭಂಗಿಗಳನ್ನು ಕೊಟ್ಟಿರಬಹುದು. ಎರಡನ್ನೂ ಎಣಿಸಿದರೆ ಒಂದೇ ಸಂಪರ್ಕ ಎರಡಾಗುತ್ತದೆ. ಹೆಚ್ಚು ಆಕ್ಯುಪೆನ್ಸಿ (ಹರಳಿನಲ್ಲಿ ಆ ಭಂಗಿಯಲ್ಲಿರುವ ಅಣುಗಳ ಪಾಲು) ಇರುವುದನ್ನು ಇಟ್ಟುಕೊಂಡು ಇನ್ನೊಂದನ್ನು ತೆಗೆಯಿರಿ. ಟ್ರಿಪ್ಸಿನ್ ಕಡತಗಳಲ್ಲಿ 184 ಮತ್ತು 184ಎ ಎಂಬ ಎರಡು ಬೇರೆ ರೆಸಿಡ್ಯೂಗಳಿವೆ; ಸಂಖ್ಯೆಯನ್ನಷ್ಟೇ ಗುರುತಾಗಿ ಇಟ್ಟರೆ ಒಂದು ಇನ್ನೊಂದನ್ನು ಅಳಿಸಿಹಾಕುತ್ತದೆ. ಸೆಲೆನೊಮಿಥಿಯೊನಿನ್ (ಗಂಧಕದ ಬದಲು ಸೆಲೆನಿಯಂ ಇರುವ ಮಿಥಿಯೊನಿನ್) ಪ್ರೋಟೀನಿನ ಭಾಗವೇ ಆದರೂ ಕಡತದಲ್ಲಿ ನೀರಿನಂಥವುಗಳಿಗೆ ಮೀಸಲಾದ ಹೆಟ್ಆಟಮ್ ಸಾಲಿನಲ್ಲಿರುತ್ತದೆ. ನೀರನ್ನು ತೆಗೆಯಲು ಆ ಸಾಲುಗಳನ್ನೆಲ್ಲ ಅಳಿಸಿದರೆ ಒಳತಿರುಳಿನ ಮಿಥಿಯೊನಿನ್‌ಗಳೂ ಹೋಗುತ್ತವೆ. ಕಾಣದ ಲೂಪ್‌ಗಳನ್ನು ಕಡತದ ರಿಮಾರ್ಕ್ 465ರಲ್ಲಿ ಪಟ್ಟಿ ಮಾಡಿರುತ್ತಾರೆ, ಅದನ್ನು ಓದದೆ ಮುಂದೆ ಹೋಗಬೇಡಿ. ಆಸ್ಪರಾಜಿನ್, ಗ್ಲುಟಮಿನ್‌ಗಳ ತುದಿಯಲ್ಲಿ ಆಕ್ಸಿಜನ್ ಯಾವುದು, ನೈಟ್ರೋಜನ್ ಯಾವುದು ಎಂದು ಎಕ್ಸ್-ರೇ ಸಾಂದ್ರತೆಯಲ್ಲಿ ಸಾಮಾನ್ಯವಾಗಿ ತಿಳಿಯದು. ಹೀಗೆ ಅದಲುಬದಲಾದದ್ದನ್ನು ಮೋಲ್‌ಪ್ರೊಬಿಟಿ ಎಂಬ ತಂತ್ರಾಂಶ ಹಿಡಿದುಕೊಡುತ್ತದೆ, ಹೈಡ್ರೋಜನ್ ಬಂಧ ಎಣಿಸುವ ಮೊದಲೇ ಓಡಿಸಿ.

ರೆಸಲ್ಯೂಶನ್ (ವಿವರದ ಸ್ಪಷ್ಟತೆ) 3 ಆಂಗ್‌ಸ್ಟ್ರಮ್‌ಗಿಂತ ಮಸುಕಾದ ರಚನೆಯಲ್ಲಿ ಸೈಡ್ ಚೈನಿನ ಸಂಪರ್ಕಗಳನ್ನು ಒಂದೊಂದಾಗಿ ವಾದಿಸಲು ಹೋಗಬೇಡಿ. ಬೀಟಾ ಕಾರ್ಬನ್ ಅಳತೆಗೆ ನಿಲ್ಲಿರಿ. ಎನ್ಎಂಆರ್ (ಕಾಂತಕ್ಷೇತ್ರ ಬಳಸುವ ವಿಧಾನ) ರಚನೆಯಾದರೆ ಹಲವು ಮಾದರಿಗಳಿರುತ್ತವೆ, ಜೋಡಿ ಎಷ್ಟು ಮಾದರಿಗಳಲ್ಲಿ ಉಳಿದಿದೆ ಎಂದು ಬರೆಯಿರಿ.

ಹುಡುಕಾಟದ ವೇಗ ದೊಡ್ಡ ವಿಷಯವೇನಲ್ಲ. ಲೈಸೋಜೈಮಿನಲ್ಲಿ ಹೈಡ್ರೋಜನ್ ಬಿಟ್ಟು ಸುಮಾರು ಸಾವಿರ ಪರಮಾಣುಗಳು, ಐದು ಲಕ್ಷ ಜೋಡಿಗಳು. ಸಾಧಾರಣ ಲ್ಯಾಪ್‌ಟಾಪ್ ಸಾಕು. 574 ರೆಸಿಡ್ಯೂಗಳ ಹಿಮೋಗ್ಲೋಬಿನ್‌ನಲ್ಲಿ ಜೋಡಿಗಳು ಒಂದು ಕೋಟಿಯ ಹತ್ತಿರ ಹೋಗುತ್ತವೆ, ಅಲ್ಲಿ ಹತ್ತಿರದ ಪರಮಾಣುಗಳನ್ನು ಬೇಗ ಹುಡುಕುವ ಬಯೋಪೈಥಾನಿನ ನೇಬರ್‌ಸರ್ಚ್ ಬಳಸಿ.

ಹಿಮೋಗ್ಲೋಬಿನ್ ಇನ್ನೊಂದು ಮಾತನ್ನೂ ಕಲಿಸುತ್ತದೆ. ಸಿಕಲ್ ಸೆಲ್ ರೋಗದಲ್ಲಿ ಬೀಟಾ ಸರಪಳಿಯ 6ನೇ ಸ್ಥಾನದ ಗ್ಲುಟಮೇಟ್ ವ್ಯಾಲೀನ್ ಆಗಿರುತ್ತದೆ. ಆಕ್ಸಿಜನ್ ಬಿಟ್ಟುಕೊಟ್ಟ ಸ್ಥಿತಿಯಲ್ಲಿ ಆ ವ್ಯಾಲೀನ್ ಇನ್ನೊಂದು ಹಿಮೋಗ್ಲೋಬಿನ್ ಅಣುವಿನ ಬೀಟಾ ಸರಪಳಿಯ ಫಿನೈಲ್ಅಲನಿನ್ 85, ಲ್ಯೂಸೀನ್ 88ರ ಗುಳಿಗೆ ಹೋಗಿ ಕೂರುತ್ತದೆ. ಅಣುಗಳು ಸಾಲುಗಟ್ಟಿ ನಾರಾಗುತ್ತವೆ. ಒಂದು ಅಣುವಿನೊಳಗಷ್ಟೇ ಹುಡುಕಿದರೆ ರೋಗಕ್ಕೆ ಕಾರಣವಾದ ಈ ಸಂಪರ್ಕ ಎಂದೂ ಸಿಗದು. ಹಾಗೆಂದು ಹರಳಿನಲ್ಲಿ ಪಕ್ಕಕ್ಕೆ ಬಿದ್ದ ಅಣುಗಳ ಸಂಪರ್ಕವೆಲ್ಲ ಜೀವಕೋಶದಲ್ಲಿ ಇರುವುದಿಲ್ಲ. ಜೈವಿಕ ಜೋಡಣೆಯ (ಪ್ರೋಟೀನ್ ಕೆಲಸ ಮಾಡುವಾಗ ಇರುವ ರೂಪದ) ಕಡತವನ್ನು ಬೇರೆಯಾಗಿ ಇಳಿಸಿಕೊಂಡು ಎರಡನ್ನೂ ಹೋಲಿಸಿ.

ದೊಡ್ಡ ರೆಸಿಡ್ಯೂಗೆ ಪರಮಾಣು ಹೆಚ್ಚು, ಹಾಗಾಗಿ ತಾಗುವ ಜೋಡಿಗಳೂ ಹೆಚ್ಚು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರಸ್ವತಿ ವಿಶ್ವೇಶ್ವರ ಅವರ ತಂಡ ಇದಕ್ಕೆ ಒಳ್ಳೆಯ ದಾರಿ ತೋರಿಸಿತು: 4.5 ಆಂಗ್‌ಸ್ಟ್ರಮ್‌ನೊಳಗಿನ ಸೈಡ್ ಚೈನ್ ಪರಮಾಣು ಜೋಡಿಗಳ ಸಂಖ್ಯೆಯನ್ನು, ಆ ಎರಡು ಬಗೆಯ ರೆಸಿಡ್ಯೂಗಳಿಗೆ ನಿಗದಿಪಡಿಸಿದ ಪ್ರಮಾಣ ಸಂಖ್ಯೆಗಳ ಗುಣಲಬ್ಧದ ವರ್ಗಮೂಲದಿಂದ ಭಾಗಿಸಿ ನೂರರಿಂದ ಗುಣಿಸುವುದು. ಬಂದ ಶೇಕಡಾ ಅಂಕಿಯನ್ನು ಮಿತಿಯಾಗಿಟ್ಟು ಇಡೀ ಪ್ರೋಟೀನನ್ನು ಜಾಲವಾಗಿ ನೋಡಬಹುದು.

ಕೊನೆಗೆ ನಮ್ಮ ಜಿಲ್ಲೆಗೆ ಹತ್ತಿರದ ಒಂದು ಕಿಣ್ವ. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ರಸದ ಪಿಷ್ಟವನ್ನು ಒಡೆಯಲು ಶಾಖ ತಾಳುವ ಆಲ್ಫಾ ಅಮೈಲೇಸ್ ಬಳಸುತ್ತಾರೆ. ಬ್ಯಾಸಿಲಸ್ ಲೈಕೆನಿಫಾರ್ಮಿಸ್‌ನ ಅಮೈಲೇಸ್ ಈ ಬಗೆಯದು. ಅದು ಶಾಖದಲ್ಲೂ ಏಕೆ ಬಿಚ್ಚಿಕೊಳ್ಳುವುದಿಲ್ಲ ಎಂದು ರೆಸಿಡ್ಯೂ ಜೋಡಿಗಳನ್ನಷ್ಟೇ ಎಣಿಸಿದರೆ ಉತ್ತರದ ಒಂದು ಭಾಗ ತಪ್ಪಿಹೋಗುತ್ತದೆ. ಅದರ ರಚನೆಯಲ್ಲಿ ಕ್ಯಾಲ್ಸಿಯಂ, ಸೋಡಿಯಂ, ಮತ್ತೆ ಕ್ಯಾಲ್ಸಿಯಂ ಎಂದು ಮೂರು ಅಯಾನುಗಳು ಸಾಲಾಗಿ ಕೂತು ಸುತ್ತಲಿನ ರೆಸಿಡ್ಯೂಗಳನ್ನು ಕಟ್ಟಿಹಿಡಿದಿವೆ. ಲೋಹದ ಅಯಾನನ್ನೂ ಒಂದು ಬಿಂದುವಾಗಿ ಜಾಲಕ್ಕೆ ಸೇರಿಸಿ, ಕ್ಯಾಲ್ಸಿಯಂನಿಂದ ಆಕ್ಸಿಜನ್‌ಗೆ ಸುಮಾರು 2.4 ಆಂಗ್‌ಸ್ಟ್ರಮ್ ಇರುವುದನ್ನು ಹುಡುಕಿ. ಇದೇ ಕೆಲಸಕ್ಕೆ ಕಂಪ್ಯೂಟರ್ ಊಹಿಸಿದ ರಚನೆಗಳ ಆಲ್ಫಾಫೋಲ್ಡ್ ದತ್ತಸಂಗ್ರಹದ ಮಾದರಿ ತೆಗೆದುಕೊಂಡರೆ ಮೊದಲು ಪ್ರತಿ ರೆಸಿಡ್ಯೂವಿನ ವಿಶ್ವಾಸಾಂಕ ನೋಡಿ. 70ಕ್ಕಿಂತ ಕೆಳಗಿನವುಗಳ ಸಂಪರ್ಕವನ್ನು ಎಣಿಕೆಗೆ ತರಬೇಡಿ, 50ಕ್ಕಿಂತ ಕೆಳಗಿನವು ಹೆಚ್ಚಾಗಿ ಸ್ಥಿರ ಆಕಾರವೇ ಇಲ್ಲದ ಭಾಗಗಳು. ಅಂಕ 95 ಇದ್ದರೂ ಆ ಮಾದರಿಯಲ್ಲಿ ಲೋಹದ ಅಯಾನುಗಳು ಇರುವುದಿಲ್ಲ. ಅಮೈಲೇಸಿಗೆ ಅವನ್ನು ಪ್ರಯೋಗದಿಂದ ಬಂದ ರಚನೆಯಿಂದಲೇ ತೆಗೆದುಕೊಳ್ಳಬೇಕು.