ಗುದ್ದಿ ಓಡಿದರೆ 10 ವರ್ಷ ಜೈಲು: ಅಚ್ಚಾಗಿದೆ, ಜಾರಿಯಾಗಿಲ್ಲ

ನಮಸ್ಕಾರ. ‘ಅಪಘಾತ ಮಾಡಿ ಪರಾರಿಯಾದರೆ 10 ವರ್ಷ ಜೈಲಂತೆ, ಹೌದೇ?’ ನಿಮ್ಮಲ್ಲಿ ಹಲವರು ಕೇಳಿರುವ ಪ್ರಶ್ನೆ ಇದು. ಪುಸ್ತಕದಲ್ಲಿ ಹೌದು, ನ್ಯಾಯಾಲಯದಲ್ಲಿ ಇಲ್ಲ. ಇದೇನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು ಎನ್ನಬೇಡಿ, ವಿಷಯವೇ ಹಾಗಿದೆ.

ಮೂಲ ಸಂಗತಿಯನ್ನು ಬೇಗ ಮುಗಿಸುತ್ತೇನೆ. ಹಳೆಯ ಭಾರತೀಯ ದಂಡ ಸಂಹಿತೆಯ 304ಎ ಪ್ರಕಾರ, ನಿರ್ಲಕ್ಷ್ಯದಿಂದ ಒಬ್ಬರ ಸಾವಿಗೆ ಕಾರಣರಾದರೆ ಹೆಚ್ಚೆಂದರೆ 2 ವರ್ಷ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಗುದ್ದಿ ನಿಂತವನಿಗೂ ಅಷ್ಟೇ, ಓಡಿದವನಿಗೂ ಅಷ್ಟೇ. ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆ ಇಬ್ಬರನ್ನೂ ಬೇರೆ ಮಾಡಿತು. ಸೆಕ್ಷನ್ 106(1) ಅಡಿ ನಿರ್ಲಕ್ಷ್ಯದ ಸಾವಿಗೆ 5 ವರ್ಷದವರೆಗೆ ಜೈಲು ಮತ್ತು ದಂಡ. ವಾಹನ ಓಡಿಸಿ ಸಾವಿಗೆ ಕಾರಣನಾದವನು ಪೊಲೀಸರಿಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ ತಿಳಿಸದೆ ಓಡಿಹೋದರೆ 106(2), ಅಂದರೆ 10 ವರ್ಷದವರೆಗೆ.

[ಪರದೆಯ ಮೇಲೆ: ಪೆಟ್ರೋಲ್ ಬಂಕ್ ಮುಂದೆ ವಾಹನಗಳ ಸಾಲು]

2024ರ ಜನವರಿ 1. ಈ 10 ವರ್ಷದ ಸುದ್ದಿ ಕೇಳಿದ ಲಾರಿ ಚಾಲಕರು ಹಲವು ರಾಜ್ಯಗಳಲ್ಲಿ ಸ್ಟಿಯರಿಂಗ್ ಬಿಟ್ಟು ಕೆಳಗಿಳಿದರು. ಟ್ಯಾಂಕರ್‌ಗಳು ನಿಂತವು, ಬಂಕ್‌ಗಳ ಮುಂದೆ ಜನ ಸಾಲುಗಟ್ಟಿದರು. ಮರುದಿನವೇ ಕೇಂದ್ರ ಗೃಹ ಕಾರ್ಯದರ್ಶಿ ಅಜಯ್ ಭಲ್ಲಾ ಅವರು ಸಾಗಣೆದಾರರ ಸಂಘಟನೆಯಾದ ಅಖಿಲ ಭಾರತ ಮೋಟಾರು ಸಾರಿಗೆ ಕಾಂಗ್ರೆಸ್‌ನ ಪ್ರತಿನಿಧಿಗಳನ್ನು ಕೂರಿಸಿಕೊಂಡು, ನಿಮ್ಮೊಂದಿಗೆ ಚರ್ಚಿಸದೆ ಇದನ್ನು ಜಾರಿಗೆ ತರುವುದಿಲ್ಲ ಎಂದು ಭರವಸೆ ಕೊಟ್ಟರು. ಫೆಬ್ರುವರಿಯಲ್ಲಿ ಅಧಿಸೂಚನೆ ಹೊರಬಿತ್ತು. ಹೊಸ ಸಂಹಿತೆ ಜುಲೈ 1ರಿಂದ ಜಾರಿ, 106(2) ಒಂದನ್ನು ಬಿಟ್ಟು. ಲಗ್ನಪತ್ರಿಕೆ ಅಚ್ಚಾಗಿದೆ, ಊರಿಗೆಲ್ಲ ಹಂಚಿಯೂ ಆಗಿದೆ, ಬೀಗರು ಮುನಿಸಿಕೊಂಡರೆಂದು ಮುಹೂರ್ತ ಮಾತ್ರ ಇಟ್ಟಿಲ್ಲ. ಪತ್ರಿಕೆ ಕೈಗೆ ಸಿಕ್ಕ ನಾವೆಲ್ಲ ಮದುವೆ ಮುಗಿದೇ ಹೋಗಿದೆ ಎಂದುಕೊಂಡಿದ್ದೇವೆ.

ಚಾಲಕರ ವಾದವನ್ನು ತಳ್ಳಿಹಾಕುವಂತಿಲ್ಲ. ‘ನಿಂತರೆ ಜನ ಹೊಡೆದು ಸಾಯಿಸುತ್ತಾರೆ, ಹೊರಟರೆ ಸರ್ಕಾರ 10 ವರ್ಷ ಒಳಗೆ ಹಾಕುತ್ತದೆ.’ ಆದರೆ ಈ ಭಯ ಕಾನೂನಿಗೆ ಹೊಸದಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 134 ತೆಗೆದು ನೋಡಿ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಲು ಚಾಲಕ ಕ್ರಮ ಕೈಗೊಳ್ಳಬೇಕು, ಉದ್ರಿಕ್ತ ಗುಂಪಿನಿಂದಾಗಿ ಅದು ಸಾಧ್ಯವಾಗದಿದ್ದರೆ ವಿನಾಯಿತಿ ಇದೆ ಎಂದು ಅಲ್ಲೇ ಬರೆದಿದೆ. ಅಲ್ಲಿ ಪೊಲೀಸರು ಇಲ್ಲದಿದ್ದರೆ ಆದಷ್ಟು ಬೇಗ, ಏನೇ ಆದರೂ 24 ಗಂಟೆಯೊಳಗೆ, ಹತ್ತಿರದ ಠಾಣೆಗೆ ಹೋಗಿ ನಡೆದದ್ದನ್ನು ತಿಳಿಸಬೇಕು. ಜನರ ಕೈಗೆ ಸಿಗದಂತೆ ಹೊರಟು ನೇರವಾಗಿ ಠಾಣೆಗೆ ಹೋದ ಚಾಲಕನನ್ನು ಈ ಸೆಕ್ಷನ್ ತಪ್ಪಿತಸ್ಥನೆನ್ನುವುದಿಲ್ಲ.

ಸರಿ, ಠಾಣೆಗೂ ಹೋಗದೆ ಮನೆಗೆ ಹೋಗಿ ಹೊದ್ದು ಮಲಗಿದವನಿಗೆ? ಅಪಘಾತಕ್ಕಲ್ಲ, ಓಡಿದ್ದಕ್ಕೆ ಮಾತ್ರ ಇವತ್ತು ಏನು ಶಿಕ್ಷೆ? ಅದೇ ಕಾಯ್ದೆಯ ಸೆಕ್ಷನ್ 187: 6 ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ‘ಅಥವಾ’ ಇದೆ, ನೆನಪಿರಲಿ. 2019ರ ತಿದ್ದುಪಡಿಗೆ ಮೊದಲು ಈ ದಂಡ 500 ರೂಪಾಯಿ ಇತ್ತು.

ಈಗ ನನ್ನ ತಲೆಯೊಳಗೆ ಹೊಕ್ಕು ಕುಳಿತಿರುವ ಪ್ರಕರಣಕ್ಕೆ ಬರುತ್ತೇನೆ.

[ಪರದೆಯ ಮೇಲೆ: ದೆಹಲಿ, 1999ರ ಜನವರಿ 10, ಬೆಳಗಿನ ಜಾವ]

ಲೋಧಿ ಕಾಲೋನಿ ಬಳಿ ಪೊಲೀಸ್ ತಪಾಸಣೆ ನಡೆಯುತ್ತಿದೆ. ವೇಗವಾಗಿ ಬಂದ ಬಿಎಂಡಬ್ಲ್ಯು ಕಾರು ಅಲ್ಲಿದ್ದವರ ಮೇಲೆ ಹರಿಯುತ್ತದೆ. ಸತ್ತವರು 6 ಮಂದಿ, ಅವರಲ್ಲಿ ಮೂವರು ಪೊಲೀಸರು. ಓಡಿಸುತ್ತಿದ್ದವನು ನೌಕಾಪಡೆಯ ಮಾಜಿ ಮುಖ್ಯಸ್ಥರ ಮೊಮ್ಮಗ. ಕಾರು ನಿಲ್ಲದೆ ಹೋಗುತ್ತದೆ. ಆದರೆ ಡಿಕ್ಕಿಯ ಹೊಡೆತಕ್ಕೆ ಅದರಿಂದ ಎಣ್ಣೆ ಸೋರಲು ಶುರುವಾಗಿದೆ. ಪೊಲೀಸರು ಆ ಎಣ್ಣೆಯ ಗೆರೆಯನ್ನೇ ಹಿಡಿದು ಹೊರಟರು. ಗೆರೆ ಗಾಲ್ಫ್ ಲಿಂಕ್ಸ್ ಎಂಬ ಶ್ರೀಮಂತ ಬಡಾವಣೆಯ ಒಂದು ಮನೆಯ ಗೇಟಿನೊಳಕ್ಕೆ ಹೋಗಿತ್ತು. ಒಳಗೆ ನೋಡಿದರೆ ಕಾರು ತೊಳೆಯುತ್ತಿದ್ದಾರೆ! ಅಷ್ಟು ಹೊತ್ತಿನಲ್ಲಿ, ಆ ಚಳಿಯಲ್ಲಿ.

ಎಣ್ಣೆ ಸೋರದೆ ಇದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ನಮ್ಮ ಪತ್ರಿಕೆಗಳ ಒಳಪುಟದಲ್ಲಿ ದಿನಾ ಬರುವ ‘ಅಪರಿಚಿತ ವಾಹನ ಡಿಕ್ಕಿ’ ಸಾಲುಗಳಿಗೆ ಇನ್ನೊಂದು ಸೇರುತ್ತಿತ್ತು. ಗಂಟೆಗಳ ನಂತರ ತೆಗೆದ ರಕ್ತದಲ್ಲೂ ಮದ್ಯದ ಪ್ರಮಾಣ ಮಿತಿಗಿಂತ ಬಹಳ ಹೆಚ್ಚಿತ್ತು. 2012ರಲ್ಲಿ ಸುಪ್ರೀಂ ಕೋರ್ಟ್ ಇದು ಬರೀ ನಿರ್ಲಕ್ಷ್ಯವಲ್ಲ, ಕೊಲೆಯಲ್ಲದ ದೋಷಪೂರಿತ ನರಹತ್ಯೆ, ಅಂದರೆ ಸಾವಾಗಬಹುದೆಂದು ತಿಳಿದೂ ಮಾಡಿದ ಕೃತ್ಯ ಎಂದಿತು. ಅದಕ್ಕೆ 10 ವರ್ಷದವರೆಗೆ ಶಿಕ್ಷೆ ವಿಧಿಸಬಹುದು. ವಿಧಿಸಿದ್ದು? ಆಗಲೇ ಅನುಭವಿಸಿದ್ದ 2 ವರ್ಷ ಸಾಕೆಂದಿತು. ಜೊತೆಗೆ 50 ಲಕ್ಷ ರೂಪಾಯಿ ಪಾವತಿ, 2 ವರ್ಷ ಸಮುದಾಯ ಸೇವೆ. ಆ 50 ಲಕ್ಷವನ್ನು, ಗುದ್ದಿದವರು ಪತ್ತೆಯೇ ಆಗದ ಪ್ರಕರಣಗಳ ಸಂತ್ರಸ್ತರಿಗೆ ಬಳಸಬೇಕೆಂದು ಹೇಳಿತು. 6 ಜೀವಕ್ಕೆ 2 ವರ್ಷ ಎಂಬುದು ನನಗೆ ಇಂದಿಗೂ ಅರಗಿಲ್ಲ.

ಈ ರಕ್ತದ ವಿಷಯದಲ್ಲೇ ಕಾನೂನಿನ ದೊಡ್ಡ ತೂತು ಇದೆ. ನಮ್ಮಲ್ಲಿ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮದ್ಯ. ಕುಡಿದು ಗುದ್ದಿದವನು ಅಲ್ಲೇ ನಿಂತರೆ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಾನೆ. ಆಗ ಕುಡಿದು ಓಡಿಸಿದ್ದಕ್ಕೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 185, ಮೇಲೆ ನರಹತ್ಯೆಯ ಆರೋಪದ ಭಯ. ಓಡಿಹೋಗಿ, ಮರುದಿನ ಸ್ನಾನ ಮಾಡಿ, ವಕೀಲರನ್ನು ಕರೆದುಕೊಂಡು ಬಂದರೆ? ರಕ್ತ ತಿಳಿಯಾಗಿರುತ್ತದೆ. ಉಳಿಯುವುದು 106(1), ಅದು ಜಾಮೀನು ಸಿಗುವ ಅಪರಾಧ, ಮತ್ತು ಆ 5,000 ರೂಪಾಯಿಯ ಸೆಕ್ಷನ್. ಠಾಣೆಗೆ ಬರಲು 24 ಗಂಟೆ ಕಾಲಾವಕಾಶ ಕೊಟ್ಟಿದ್ದು ಗುಂಪಿಗೆ ಹೆದರಿದ ಚಾಲಕನಿಗಾಗಿ. ಅದರ ನೆರಳಿನಲ್ಲಿ ಕುಡುಕನೂ ಕುಳಿತು ನಶೆ ಇಳಿಸಿಕೊಳ್ಳಬಹುದು. ಗುದ್ದಿದವನು ಕುಡಿದಿದ್ದರೆ ಇವತ್ತಿನ ಕಾನೂನಿನಲ್ಲಿ ನಿಲ್ಲುವುದಕ್ಕಿಂತ ಓಡುವುದೇ ಅಗ್ಗ. 10 ವರ್ಷ ಹೆಚ್ಚಾಯಿತೆಂದರೆ 7 ಮಾಡಲಿ, ಗುಂಪಿನ ಭಯಕ್ಕೆ ವಿನಾಯಿತಿಯನ್ನು 106(2)ರಲ್ಲೇ ಬರೆಯಲಿ. ಅಚ್ಚು ಹಾಕಿ ಅಟ್ಟದ ಮೇಲಿಟ್ಟರೆ ಲಾಭ ಯಾರಿಗೆ?

ಸಮಯ ಮೀರುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ.

ವಾಹನ ಪತ್ತೆಯಾದರೆ ಕುಟುಂಬವು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದು. ಮೃತರ ವಯಸ್ಸು, ಆದಾಯ ನೋಡಿ ವಿಮಾ ಕಂಪನಿಯಿಂದ ಪರಿಹಾರ ಕೊಡಿಸುತ್ತಾರೆ. ಪತ್ತೆಯಾಗದಿದ್ದರೆ ಸಿಗುವುದು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 161ರ ನಿಗದಿತ ಮೊತ್ತ: ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. 2022ರ ಏಪ್ರಿಲ್ 1ರವರೆಗೆ ಸಾವಿಗೆ ಸಿಗುತ್ತಿದ್ದದ್ದು ಬರೀ 25,000. ಅರ್ಜಿಯನ್ನು ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರಿಗೆ ಕೊಡಬೇಕು, ಮಂಜೂರು ಮಾಡುವವರು ಜಿಲ್ಲಾಧಿಕಾರಿ. ಎಫ್‌ಐಆರ್ ಪ್ರತಿ, ಮರಣೋತ್ತರ ಪರೀಕ್ಷೆ ಅಥವಾ ಗಾಯದ ವರದಿ, ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ. ಒಂದು ತಿಂಗಳಲ್ಲಿ ವಾಹನ ಪತ್ತೆಯಾಗದಿದ್ದರೆ ಈ ಯೋಜನೆಯ ಬಗ್ಗೆ ಪೊಲೀಸರೇ ಕುಟುಂಬಕ್ಕೆ ಲಿಖಿತವಾಗಿ ತಿಳಿಸಬೇಕೆಂದು 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ತಿಳಿಸದಿದ್ದರೆ ಠಾಣೆಗೆ ಹೋಗಿ ಕೇಳಿ ಪಡೆಯಿರಿ.

ಕೊನೆಯದಾಗಿ, ದಾರಿಹೋಕರಾದ ನೀವು ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದರೆ ಸೆಕ್ಷನ್ 134ಎ ನಿಮ್ಮ ಬೆನ್ನಿಗಿದೆ. ಹೆಸರು ಹೇಳುವಂತೆ ನಿಮ್ಮನ್ನು ಯಾರೂ ಬಲವಂತ ಮಾಡುವಂತಿಲ್ಲ. ಆದರೆ ಓಡಿದ ಗಾಡಿಯ ನಂಬರಿನ ಕೊನೆಯ ನಾಲ್ಕು ಅಂಕಿ ಕಣ್ಣಿಗೆ ಬಿದ್ದಿದ್ದರೆ, ಅದನ್ನು ಮಾತ್ರ ಪೊಲೀಸರಿಗೆ ಹೇಳಿ ಬನ್ನಿ. 161ರ ಅರ್ಜಿ ತುಂಬುವ ಕ್ರಮವನ್ನು ಬೇರೆ ವಿಡಿಯೋದಲ್ಲಿ ತೋರಿಸುತ್ತೇನೆ.