ಮಾಂಡೋವಿ ಮೇಲೊಂದು ತೇಲುವ ಅಂಗಳ

ನಮಸ್ಕಾರ ಎಲ್ಲರಿಗೂ. ಪಣಜಿಯ ಹಳೇ ದಂಡೆಗೆ ತಾಗಿಕೊಂಡಂತೆ, ಮಾಂಡೋವಿ ನೀರಿನ ಮೇಲೆ, ಊರಿನ ಜನ ಬಂದು ಕೂರೋಕೆ, ಮಕ್ಕಳು ಓದೋಕೆ, ಸಂಜೆ ಯಾರಾದ್ರೂ ಹಾಡೋಕೆ ಒಂದು ತೇಲುವ ಜಾಗ. ಆರ್ಕಿಟೆಕ್ಚರ್ ಓದ್ತಿರೋ ನಮಗೆ ಈ ಸೆಮಿಸ್ಟರ್‌ನ ಸ್ಟುಡಿಯೋ ಕೆಲಸ, ಅಂದ್ರೆ ವಿನ್ಯಾಸ ಮಾಡ್ತಾ ಕಲಿಯೋ ತರಗತಿಯ ಕೆಲಸ ಇದು. ನಮ್ಮ ಸೀನಿಯರ್‌ಗಳು ಇದನ್ನ ಒಮ್ಮೆ ವಿನ್ಯಾಸ ಮಾಡಿದ್ದಾರೆ. ಅವರ ಶೀಟ್‌ಗಳನ್ನೂ ಮಾಡೆಲ್ಲನ್ನೂ ನಮ್ಮ ಟೇಬಲ್ ಮೇಲೆ ತಂದಿಟ್ಟು, ಇದನ್ನೇ ಮತ್ತೆ ಹೊಸದಾಗಿ ಯೋಚಿಸಿ ಅಂದ್ರು ನಮ್ಮ ಸರ್. ಕಟ್ಟೋಕೆ ದುಡ್ಡು ಯಾರೂ ಇಟ್ಟಿಲ್ಲ, ಕಾಗದದ ಮೇಲಿನ ಯೋಜನೆ ಅಷ್ಟೇ. ಆದ್ರೆ ನಾಳೆ ಕಟ್ತಾರೆ ಅನ್ನೋ ಹಾಗೇ ಲೆಕ್ಕ ಹಾಕಬೇಕು ಅನ್ನೋದು ಷರತ್ತು.

ಈಗ ಪರದೆ ಮೇಲೆ ಕಾಣ್ತಿರೋ ಬಿಳಿ ಕಟ್ಟಡ ಆದಿಲ್‌ಶಾಹಿ ಅರಮನೆ. ನಾನು ವಿಜಯಪುರದವಳು. ಗೋಳಗುಮ್ಮಟದ ನೆರಳಲ್ಲಿ ಬೆಳೆದವಳಿಗೆ ಇಲ್ಲಿಗೆ ಬಂದಾಗ ಆದ ಖುಷಿ ಹೇಳತೀರದು. ನಮ್ಮೂರಿನ ಯೂಸುಫ್ ಆದಿಲ್‌ಶಾ ನದಿ ಬಾಯಿ ಕಾಯೋಕೆ ಆರಿಸಿಕೊಂಡ ಜಾಗ ಇದು. 1510ರಲ್ಲಿ ಗೋವಾ ಪೋರ್ಚುಗೀಸರ ಕೈ ಸೇರಿತು. 1759ರಲ್ಲಿ ಅವರ ವೈಸರಾಯ್ ಹಳೇ ಗೋವಾದ ಕಡೆಯಿಂದ ಇದೇ ಅರಮನೆಗೆ ಬಂದು ನೆಲೆಸಿದ, 1843ರಲ್ಲಿ ಪಣಜಿ ರಾಜಧಾನಿ ಆಯ್ತು. ಗೋವಾ ವಿಧಾನಸಭೆ ಕೂಡ 2000ನೇ ಇಸವಿವರೆಗೆ ಇಲ್ಲೇ ನಡೀತಿತ್ತು. ಸುಲ್ತಾನ, ವೈಸರಾಯ್, ಶಾಸಕರು, ಎಲ್ಲರೂ ಇದೇ ಕಿಟಕಿಗಳಿಂದ ಇದೇ ನೀರು ನೋಡಿದ್ದಾರೆ. ಆ ನೀರೂ ನಮ್ಮ ಕಡೆಯದೇ. ಖಾನಾಪುರದ ಕಾಡಲ್ಲಿ ಮಹದಾಯಿಯಾಗಿ ಹುಟ್ಟಿ ಇಲ್ಲಿಗೆ ಬಂದು ಸಮುದ್ರ ಸೇರುತ್ತೆ.

ಇಲ್ಲಿಂದ ಪೂರ್ವಕ್ಕೆ ಹೋದರೆ ರಾಯಬಂದರ್ ಕಡೆಗಿನ ಹಳೇ ಕಲ್ಲಿನ ದಾರಿ, ಪೋಂತೆ ದಿ ಲಿನ್ಯಾರಿಸ್. 1630ರ ದಶಕದಲ್ಲಿ ಜೌಗು ನೆಲದ ಮೇಲೆ ಮೂರು ಕಿಲೋಮೀಟರಿಗೂ ಉದ್ದ ಕಟ್ಟಿದ್ದು, ಇವತ್ತಿಗೂ ಅದರ ಮೇಲೆ ಬಸ್ಸು ಓಡಾಡ್ತವೆ. ಮೆತ್ತಗಿನ ನೆಲದ ಮೇಲೆ ಭಾರ ಹೇಗೆ ಹಂಚಬೇಕು ಅಂತ ಗೊತ್ತಿದ್ದವರು ಕಟ್ಟಿದ್ದಾರೆ. ಪಶ್ಚಿಮಕ್ಕೆ ಕಾಂಪಾಲ್‌ನಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ವಿನ್ಯಾಸದ ಕಲಾ ಅಕಾಡೆಮಿ. ಅದರ ಪ್ಲಾನ್ ತೆಗೆದು ನೋಡಿ. ರಸ್ತೆ ಕಡೆಯಿಂದ ನೆರಳಿನ ಪಡಸಾಲೆಗೆ ಕಾಲಿಟ್ಟರೆ ಅದು ನಿಮ್ಮನ್ನ ಹಾಗೇ ನದಿ ಕಡೆಗೆ ಕರ್ಕೊಂಡು ಹೋಗುತ್ತೆ. ಸಾರ್ವಜನಿಕ ಕಟ್ಟಡ ಅಂದ್ರೆ ಹೀಗಿರಬೇಕು ಅಂತ ನನಗೆ ಮೊದಲು ಅರ್ಥ ಆಗಿದ್ದು ಆ ಪ್ಲಾನ್ ನೋಡಿ.

ಸೀನಿಯರ್‌ಗಳ ವಿನ್ಯಾಸಕ್ಕೆ ಬರೋಣ. ಈ ಮಾಡೆಲ್ ನೋಡಿ, ಹಗುರವಾದ ಬಾಲ್ಸಾ ಮರದ ಕಡ್ಡಿಗಳಲ್ಲಿ ಎಷ್ಟು ಚೆಂದ ಮಾಡಿದ್ದಾರೆ! ಆರು ಮೀಟರ್ ಅಗಲ, ಎರಡು ಮಹಡಿ, ಮೇಲೆ ಗೋಪುರದ ಥರ ಛಾವಣಿ. ಇದಕ್ಕೆ ಸ್ಫೂರ್ತಿ ಇಟಲಿಯ ವಾಸ್ತುಶಿಲ್ಪಿ ಆಲ್ಡೊ ರೋಸಿಯ ತೇಲುವ ರಂಗಮಂದಿರ. 1979ರಲ್ಲಿ ವೆನಿಸ್ ಬಿಯೆನಾಲೆ ಅನ್ನೋ ಕಲಾ ಪ್ರದರ್ಶನಕ್ಕಾಗಿ ಬಾರ್ಜ್ ಮೇಲೆ, ಅಂದ್ರೆ ಚಪ್ಪಟೆ ತಳದ ಸರಕು ದೋಣಿ ಮೇಲೆ, ಉಕ್ಕಿನ ಚೌಕಟ್ಟು ನಿಲ್ಲಿಸಿ, ಮರ ಹೊದಿಸಿ ಕಟ್ಟಿದ್ದು. ಮುಂದಿನ ವರ್ಷ ಅದನ್ನ ಸಮುದ್ರದ ಮೇಲೆ ಎಳ್ಕೊಂಡು ಈಗಿನ ಕ್ರೊಯೇಷಿಯಾದ ದುಬ್ರೊವ್ನಿಕ್‌ವರೆಗೂ ಒಯ್ದಿದ್ದರು. ಸೀನಿಯರ್‌ಗಳ ಮಾಡೆಲ್ ಕೆಳಗಿನ ನೀಲಿ ಡ್ರಮ್ಮುಗಳ ಉಪಾಯ ನೈಜೀರಿಯಾದ ಲಾಗೋಸ್‌ನ ಮಕೋಕೊ ತೇಲುವ ಶಾಲೆಯಿಂದ ಬಂದಿದ್ದು. ವಾಸ್ತುಶಿಲ್ಪಿ ಕುನ್ಲೆ ಅಡೆಯೆಮಿ 2013ರಲ್ಲಿ ಮುಗಿಸಿದ ಆ ಶಾಲೆಯ ಚಿತ್ರ ನೋಡದ ಆರ್ಕಿಟೆಕ್ಚರ್ ವಿದ್ಯಾರ್ಥಿ ಇಲ್ಲ ಅನ್ನಬಹುದು. 2016ರ ಜೂನ್‌ನಲ್ಲಿ ಜೋರು ಮಳೆಗೆ ಅದು ಕುಸಿದು ಬಿತ್ತು. ನಮ್ಮ ಮಲ್ಪೆಯದ್ದೂ ನಿಮಗೆ ನೆನಪಿರಬೇಕು. 2022ರ ಮೇ ತಿಂಗಳಲ್ಲಿ ಉದ್ಘಾಟನೆ ಆದ ತೇಲುವ ಸೇತುವೆ ಕೆಲವೇ ದಿನಗಳಲ್ಲಿ ಅಲೆಗಳ ಹೊಡೆತಕ್ಕೆ ಬಿಡಿಬಿಡಿ ಆಯ್ತು. ನೀರಿನ ಮೇಲೆ ಕಟ್ಟೋರಿಗೆ ಈ ಎರಡೂ ಪಾಠ ಬಾಯಿಪಾಠ ಆಗಿರಬೇಕು.

ಅದಕ್ಕೇ ಮೊದಲು ಡ್ರಮ್ಮಿನ ಲೆಕ್ಕ ಹಾಕಿದ್ವಿ. ಇನ್ನೂರು ಲೀಟರಿನ ಪ್ಲಾಸ್ಟಿಕ್ ಡ್ರಮ್ ಪೂರ್ತಿ ಮುಳುಗಿದರೆ, ತನ್ನ ತೂಕ ಕಳೆದು, ಹೆಚ್ಚುಕಮ್ಮಿ 190 ಕಿಲೋ ಹೊರುತ್ತೆ. ಒಂದು ಚದರ ಮೀಟರ್ ಜಾಗದಲ್ಲಿ ಮಲಗಿಸಿದರೆ ಎರಡು ಹಿಡೀತವೆ. ಅಲ್ಲಿಗೆ 380 ಕಿಲೋ. ಜನ ನಿಂತು ಸೇರೋ ಜಾಗಕ್ಕೆ ನಮ್ಮ ಭಾರತೀಯ ಮಾನದಂಡ ಪ್ರತಿ ಚದರ ಮೀಟರಿಗೆ ಸುಮಾರು 500 ಕಿಲೋ ಭಾರ ಹಿಡೀಬೇಕು ಅನ್ನುತ್ತೆ. ಹಲಗೆ, ತೊಲೆ, ಛಾವಣಿಯ ತೂಕ ಬೇರೆ. ಡ್ರಮ್ ಸಾಲಲ್ಲ. ಒಳಗೆ ಟೊಳ್ಳಾಗಿರೋ ಪೆಟ್ಟಿಗೆಯಂಥ ಪಾಂಟೂನ್ ಆದ್ರೆ ಒಂದು ಮೀಟರ್ ಮುಳುಗೋದಕ್ಕೆ ಚದರ ಮೀಟರಿಗೆ ಒಂದು ಟನ್ ಬೇಕು, ಅಂದ್ರೆ ಅಷ್ಟು ಭಾರ ಹೊರುತ್ತೆ. ಹಾಗಾಗಿ ತಂತಿ ಜಾಲರಿಗೆ ಸಿಮೆಂಟ್ ಮೆತ್ತಿ ಮಾಡೋ ಫೆರೊಸಿಮೆಂಟಿನ ಪೆಟ್ಟಿಗೆಗಳು, ಪ್ರತಿಯೊಂದರೊಳಗೂ ಬೇರೆ ಬೇರೆ ಕೋಣೆಗಳು. ಒಂದು ಕೋಣೆಗೆ ನೀರು ಹೊಕ್ಕರೂ ಉಳಿದವು ಎತ್ತಿ ಹಿಡೀಬೇಕು. ಮಾಂಡೋವಿಯಲ್ಲಿ ಅದಿರು ಸಾಗಿಸೋ ಬಾರ್ಜ್‌ಗಳಿವೆಯಲ್ಲ, ಹಳೇದೊಂದನ್ನೇ ಬಳಸೋಣ ಅಂತ ಒಬ್ಬ ಗೆಳೆಯ ತುಂಬಾ ಪಟ್ಟು ಹಿಡಿದ. ನನಗೂ ಆಸೆ ಇತ್ತು. ಖಾಲಿ ಬಾರ್ಜ್ ನೀರಿಂದ ತುಂಬಾ ಮೇಲೆ ನಿಲ್ಲುತ್ತೆ, ಹತ್ತೋಕೆ ಏಣಿಯಂಥ ಮೆಟ್ಟಿಲು ಬೇಕು. ಅಲ್ಲಿಗೆ ಬಿಟ್ವಿ.

ಆಮೇಲೆ ವಾಲೋ ವಿಷಯ. ಇದು ಹಾಸ್ಟೆಲ್ಲಿನ ಬಟ್ಟೆ ಒಗೆಯೋ ಟಬ್. ಮಾಡೆಲ್ಲನ್ನ ನೀರಿಗೆ ಬಿಟ್ಟು, ಜನರ ಬದಲಿಗೆ ಕಬ್ಬಿಣದ ನಟ್ಟುಗಳನ್ನ ಇಟ್ವಿ. ಸಮನಾಗಿ ಹರಡಿದಾಗ ಏನೂ ಆಗ್ಲಿಲ್ಲ. ಆದ್ರೆ ಪಣಜಿಯ ಜನ ಸಮನಾಗಿ ಹರಡಿ ನಿಲ್ಲೋದಿಲ್ಲ. ಕಾರ್ನಿವಲ್ ಮೆರವಣಿಗೆ ದಂಡೆ ರಸ್ತೆಯಲ್ಲಿ ಬಂತು ಅಂದ್ರೆ ಎಲ್ಲರೂ ದಂಡೆ ಕಡೆಗೇ ಓಡ್ತಾರೆ. ನಟ್ಟುಗಳನ್ನ ಒಂದೊಂದಾಗಿ ಆ ಬದಿಗೆ ಸರಿಸ್ತಾ ಹೋದ್ವಿ. ನೋಡಿ ಇಲ್ಲಿ, ಮೂಲೆ ಹಲಗೆ ನೀರಿಗೆ ತಾಗ್ತು, ಮರುಕ್ಷಣ ನೀರು ಮೇಲೆ ಹರಿದು ನಟ್ಟುಗಳೆಲ್ಲ ಜಾರಿ ಟಬ್ಬಿನ ತಳಕ್ಕೆ. ಟೇಬಲ್ ಸುತ್ತ ಇದ್ದೋರೆಲ್ಲ ಮಾತು ನಿಲ್ಲಿಸಿಬಿಟ್ರು. ತೇಲೋ ವಸ್ತುವಿನ ಅಗಲ ಎರಡು ಪಟ್ಟು ಮಾಡಿದರೆ, ವಾಲದಂತೆ ಹಿಡಿಯೋ ಗುಣದ ಲೆಕ್ಕ ಎಂಟು ಪಟ್ಟು ಏರುತ್ತೆ. ಎರಡನೇ ಮಹಡಿ ತೆಗೆದ್ವಿ, ಗೋಪುರ ತೆಗೆದ್ವಿ, ಅಗಲ ಹನ್ನೆರಡು ಮೀಟರ್ ಮಾಡಿದ್ವಿ. ಚೆಲುವು ಕಡಿಮೆ ಆಯ್ತು ಅಂತ ಕೆಲವರಿಗೆ ಬೇಜಾರಿದೆ. ನನಗೆ ಇಲ್ಲ. ಅರಮನೆ ಮುಂದೆ ಇನ್ನೊಂದು ಗೋಪುರ ಯಾಕೆ ಬೇಕು? ತಗ್ಗಾಗಿದ್ದರೆ ದಂಡೆಯಲ್ಲಿ ನಿಂತೋರಿಗೆ ಎದುರಿನ ಬೇತಿಂ ಗುಡ್ಡವೂ ಕಾಣುತ್ತೆ.

ಆದ್ರೆ ನಮ್ಮ ಇಡೀ ವಿನ್ಯಾಸ ತಿರುಗಿದ್ದು ಬೇರೆ ಕಡೆ, ಬೇತಿಂ ಫೆರಿಯಲ್ಲಿ. ಪಣಜಿಯಿಂದ ಆಚೆ ದಡಕ್ಕೆ ಹೋಗೋ ದೋಣಿ ಇದು, ನಡ್ಕೊಂಡು ಹತ್ತೋರಿಗೆ ಟಿಕೆಟ್ ಇಲ್ಲ. 1986ರ ಜುಲೈನಲ್ಲಿ ಮಾಂಡೋವಿ ಸೇತುವೆ ಕುಸಿದಾಗ ಊರನ್ನ ಹಿಡಿದಿಟ್ಟಿದ್ದು ಇಂಥ ಫೆರಿಗಳೇ. ಇದರ ಮುಂದಿನ ಕಬ್ಬಿಣದ ಬಾಗಿಲನ್ನ ಗಮನಿಸಿ. ದಡ ಹತ್ತಿರ ಬಂದಾಗ ಅದು ಕೆಳಗಿಳಿದು ಕಾಂಕ್ರೀಟ್ ಇಳಿಜಾರಿನ ಮೇಲೆ ಕೂರುತ್ತೆ. ಉಬ್ಬರದಲ್ಲಿ ಮೇಲ್ಗಡೆ, ಇಳಿತದಲ್ಲಿ ಕೆಳಗಡೆ, ಎಲ್ಲಿ ನೀರಿದೆಯೋ ಅಲ್ಲಿ. ಇಳಿಜಾರಿನ ಕೆಳಭಾಗ ಹಸಿರು ಪಾಚಿ, ಚಿಪ್ಪುಗಳಿಂದ ಒರಟು. ನೀರು ದಿನಾ ಎಲ್ಲಿವರೆಗೆ ಬರುತ್ತೆ ಅನ್ನೋದಕ್ಕೆ ಬೇರೆ ಗುರುತೇ ಬೇಡ. ಸೈಕಲ್, ಸ್ಕೂಟರ್, ಮೀನಿನ ಬುಟ್ಟಿ, ಶಾಲೆ ಮಕ್ಕಳು, ಎಲ್ಲ ಅದೇ ಬಾಗಿಲಿಂದ.

ಅಲ್ಲಿ ಹೂ ಮಾರೋ ಒಬ್ಬ ಅಕ್ಕ ಸಿಕ್ಕರು, ಬಾಗಲಕೋಟೆ ಕಡೆಯವರು. ಮುಖ ತೋರಿಸಬೇಡ ಅಂದಿದ್ದಕ್ಕೆ ಕೈ ಮಾತ್ರ ಕಾಣ್ತಿದೆ, ಮಲ್ಲಿಗೆ ಕಟ್ತಾನೇ ಮಾತಾಡಿದ್ರು. ನಮ್ಮ ಡ್ರಾಯಿಂಗ್ ತೋರಿಸಿ, ಅಕ್ಕಾ, ನೀರಿನ ಮ್ಯಾಲೆ ಹಿಂಗೊಂದು ಜಾಗ ಮಾಡಿದ್ರ ಬರ್ತೀರೇನು ಅಂತ ಕೇಳಿದೆ. ಸ್ವಲ್ಪ ಹೊತ್ತು ನೋಡಿದ್ರು. ಆಚೆ ನಿಂತಿರೋ ಕ್ಯಾಸಿನೊ ಹಡಗುಗಳ ಕಡೆ ಗದ್ದ ತೋರಿಸಿ, "ಅದರಾಂಗ ಏನವ್ವಾ ಇದು? ನಮ್ಮನ್ನ ಒಳಗ ಬಿಡ್ತಾರೇನು?" ಅಂದ್ರು. ಎಲ್ಲರಿಗೂ ಬಿಡ್ತಾರೆ ಅಂದೆ. "ಮತ್ತ ಇಳಿಯೂದು ಹ್ಯಾಂಗ? ನನ್ನ ಮೊಣಕಾಲು ಬ್ಯಾನಿ ಐತಿ" ಅಂದ್ರು.

ಈ ಎರಡು ಪ್ರಶ್ನೆ ಕೇಳಿದ ಮೇಲೆ ಸೀನಿಯರ್‌ಗಳ ಶೀಟಲ್ಲಿ ನಾವು ಹುಡುಕಿದ್ದು ಒಂದೇ ಗೆರೆ, ಗ್ಯಾಂಗ್‌ವೇ. ದಡದಿಂದ ತೇಲೋ ಹಲಗೆಗೆ ಇಳಿಯೋ ಸೇತುವೆ. ಎಂಟು ಮೀಟರ್ ಉದ್ದ ಬರೆದಿದ್ದಾರೆ. ಅಮಾವಾಸ್ಯೆ, ಹುಣ್ಣಿಮೆ ಹೊತ್ತಲ್ಲಿ ಇಲ್ಲಿ ಉಬ್ಬರಕ್ಕೂ ಇಳಿತಕ್ಕೂ ಎರಡು ಮೀಟರಿಗೂ ಮೀರಿದ ವ್ಯತ್ಯಾಸ. ಎಂಟು ಮೀಟರಲ್ಲಿ ಅಷ್ಟು ಇಳಿದರೆ ಗಾಲಿಕುರ್ಚಿಯವರು ಬಿಡಿ, ಆ ಅಕ್ಕನೂ ಬರೋಕಾಗಲ್ಲ. ಗಾಲಿಕುರ್ಚಿಗೆ ಒಂದಕ್ಕೆ ಹನ್ನೆರಡರ ಇಳಿಜಾರು ಬೇಕು, ಅಂದ್ರೆ ಒಂದು ಮೀಟರ್ ಇಳಿಯೋಕೆ ಹನ್ನೆರಡು ಮೀಟರ್ ಉದ್ದ. 2.3 ಮೀಟರ್ ಅಂತ ಇಟ್ಟುಕೊಂಡರೂ ಸುಮಾರು 28 ಮೀಟರ್ ಉದ್ದದ ಗ್ಯಾಂಗ್‌ವೇ! ನಮ್ಮ ತೇಲುವ ಅಂಗಳಕ್ಕಿಂತ ಅದೇ ಉದ್ದ.

ಟಿಕೆಟ್ ಇಲ್ಲ ಅಂತ ಬೋರ್ಡ್ ಹಾಕಿದ ಮಾತ್ರಕ್ಕೆ ಜಾಗ ಸಾರ್ವಜನಿಕ ಆಗಲ್ಲ. ಯಾರು ಬರಬಹುದು, ಯಾರು ದಡದಲ್ಲೇ ಉಳೀಬೇಕು ಅನ್ನೋದನ್ನ ತೀರ್ಮಾನಿಸೋದು ಆ ಇಳಿಜಾರು. ಇಡೀ ಸೆಮಿಸ್ಟರಲ್ಲಿ ನಾನು ಇದರಷ್ಟು ಗಟ್ಟಿಯಾಗಿ ನಂಬಿದ ಮಾತು ಬೇರೆ ಇಲ್ಲ. ಅದಕ್ಕೇ ಇಳಿಜಾರನ್ನೇ ಮುಖ್ಯ ಜಾಗ ಮಾಡಿದ್ವಿ. ದಂಡೆಗೆ ಸಮಾನಾಂತರವಾಗಿ, ಮೂರು ಮೀಟರ್ ಅಗಲ, ಒಂದು ಬದಿಗೆ ಉದ್ದಕ್ಕೂ ಕಟ್ಟೆ. ಇಳಿಯೋರು ಇಳೀಲಿ, ಅರ್ಧ ದಾರಿಯಲ್ಲಿ ದಣಿದೋರು ಅಲ್ಲೇ ಕೂತು ನದಿ ನೋಡಲಿ. ಇಷ್ಟು ಉದ್ದದ ಸೇತುವೆಯ ಭಾರ ಅಂಗಳದ ಒಂದು ಮೂಲೆ ಮೇಲೆ ಬಿದ್ದರೆ ಮತ್ತೆ ವಾಲುತ್ತೆ, ಹಾಗಾಗಿ ಅದರ ಪಾದಕ್ಕೆ ಪ್ರತ್ಯೇಕ ಪುಟ್ಟ ಪಾಂಟೂನ್. ಅಂಗಳವನ್ನ ಹಿಡಿದಿಡೋಕೆ ನಾಲ್ಕು ಕಂಬ, ಕಂಬಕ್ಕೆ ರೋಲರ್ ಇರೋ ಬಳೆಗಳು. ನೀರು ಏರಿದಾಗ ಅದೂ ಏರಬೇಕು, ಇಳಿದಾಗ ಇಳೀಬೇಕು.

ಜಾಗವನ್ನೂ ಸ್ವಲ್ಪ ಸರಿಸಬೇಕಾಯ್ತು. ಮ್ಯಾಂಗ್ರೋವ್, ಅಂದ್ರೆ ಉಪ್ಪುನೀರಿನ ಅಂಚಲ್ಲಿ ಬೆಳೆಯೋ ಕಾಂಡ್ಲಾ ಕಾಡು, ಸಾವಿರ ಚದರ ಮೀಟರಿಗಿಂತ ದೊಡ್ಡದಿದ್ದರೆ ಸುತ್ತ ಐವತ್ತು ಮೀಟರ್ ಬಿಡಬೇಕು ಅಂತ ಕರಾವಳಿ ನಿಯಂತ್ರಣ ವಲಯದ ನಿಯಮ. ಒಳ್ಳೇ ನಿಯಮ, ಅದರ ಬಗ್ಗೆ ಗೊಣಗೋಕೆ ಏನೂ ಇಲ್ಲ.

ಇನ್ನೂ ಬಗೆಹರಿಯದೇ ಇರೋದು ಮಳೆಗಾಲ. ಜೂನ್‌ನಿಂದ ನದಿ ಬಣ್ಣ ಬದಲಾಗಿ ಕೆಂಪಗಾಗುತ್ತೆ, ಸೆಳೆತ ಜಾಸ್ತಿ, ಮರದ ದಿಮ್ಮಿಗಳು ತೇಲಿ ಬರ್ತವೆ. ಉಪ್ಪುನೀರಿನ ಬದಲು ಸಿಹಿನೀರು ತುಂಬಿಕೊಳ್ಳೋದರಿಂದ ಪಾಂಟೂನ್ ಕೂಡ ಶೇಕಡಾ ಎರಡೂವರೆಯಷ್ಟು ಹೆಚ್ಚು ಮುಳುಗುತ್ತೆ. ನಾಲ್ಕು ತಿಂಗಳು ಬಿಚ್ಚಿ ಒಳಗಿನ ಖಾಡಿಗೆ ಎಳ್ಕೊಂಡು ಹೋಗಿ ಕಟ್ಟೋಣ ಅಂತ ನಮ್ಮ ಗುಂಪಲ್ಲಿ ಅರ್ಧ ಜನ. ಇಲ್ಲೇ ಇರಲಿ, ಮುಂದೆ ದಿಮ್ಮಿ ತಡೆಯೋ ಕಂಬಸಾಲು ಹಾಕೋಣ ಅಂತ ಉಳಿದ ಅರ್ಧ. ನಾನು ಎರಡನೇ ಗುಂಪು. ಫೆರಿ ಮಳೆಗಾಲದಲ್ಲೂ ಓಡುತ್ತೆ, ಹೂ ಮಾರೋರಿಗೂ ಮೀನು ಮಾರೋರಿಗೂ ತಲೆ ಮೇಲೊಂದು ಸೂರು ಬೇಕಾಗೋದು ಆ ತಿಂಗಳುಗಳಲ್ಲೇ. ಆದ್ರೆ ಆ ಕಂಬಗಳು ಎಷ್ಟು ಹೊಡೆತ ತಡೀಬೇಕು ಅನ್ನೋ ಲೆಕ್ಕ ನಾನು ಮಾಡಿ ತೋರಿಸಿದರೆ ಮಾತ್ರ ಸರ್ ಒಪ್ತಾರೆ.

ನಮ್ಮ ಕೆಲಸ ನೋಡಿ ತೀರ್ಪು ಕೊಡೋ ಜ್ಯೂರಿಯ ಮುಂದೆ ಮೊದಲು ಇಡೋ ಶೀಟ್ ಯಾವುದು ಅನ್ನೋದು ತೀರ್ಮಾನ ಆಗಿದೆ. ಮೇಲಿಂದ ಕಾಣೋ ಚಂದದ ಚಿತ್ರ ಕೊನೆಗೆ. ಮೊದಲನೇದು ಇಳಿಜಾರಿನ ಸೆಕ್ಷನ್, ಅಂದ್ರೆ ಸೀಳಿ ಬದಿಯಿಂದ ನೋಡಿದ ಹಾಗಿರೋ ಚಿತ್ರ, ಹುಣ್ಣಿಮೆಯ ಕಡು ಇಳಿತದಲ್ಲಿ, ಮೊಣಕಾಲು ನೋವಿರೋ ಒಬ್ಬರು ಬುಟ್ಟಿ ಹಿಡ್ಕೊಂಡು ಇಳೀತಿರೋ ಹಾಗೆ. ಅದಕ್ಕೆ ಕೈಹಿಡಿಯ ಎತ್ತರ ಗುರುತಿಸೋದು ಬಾಕಿ ಇದೆ, ಮಕ್ಕಳಿಗೂ ಸಿಗೋ ಹಾಗೆ ಕೆಳಗೆ ಇನ್ನೊಂದು ಸಾಲು ಬೇಕು. ಫೆರಿಯಲ್ಲಿ, ಹಡಗಿನಲ್ಲಿ, ಬಂದರಿನಲ್ಲಿ ಕೆಲಸ ಮಾಡೋರು ಯಾರಾದ್ರೂ ಈ ವಿಡಿಯೋ ನೋಡ್ತಿದ್ದರೆ, ದಿಮ್ಮಿ ತಡೆಯೋ ಕಂಬಗಳ ಬಗ್ಗೆ ನಿಮಗೆ ಗೊತ್ತಿರೋದನ್ನ ದಯವಿಟ್ಟು ನನಗೆ ಹೇಳಿ.